ಒಂದೇ ತೊಲೆಗೆ ತೂಗುಹಾಕಿದ ಗಡಿಯಾರಗಳು



ಈಗಷ್ಟೇ ಮಕ್ಕಳ ಕೋಲಾಟಕ್ಕೆ ನೀವು ಹೊಡೆದ ಚಪ್ಪಾಳೆ ಮೊದಲು ಮಳೆಹನಿಗಳ ಹಾಗೆ ಚದುರಿತ್ತು. ಸ್ವಲ್ಪ ಹೊತ್ತಿಗೆ ಇಡೀ ಸಭಾಂಗಣ ಒಂದೇ ತಾಳಕ್ಕೆ ಬಂತು. ತಾಳ ಹಾಕಿಕೊಟ್ಟವರು ಯಾರೂ ಇರಲಿಲ್ಲ. ಇದು ಹೇಗಾಗುತ್ತದೆ ಎಂಬುದೇ ನನ್ನ ಇವತ್ತಿನ ಮಾತು.

1665ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಕಾಯಿಲೆಯಿಂದ ಮಲಗಿದ್ದರು. ಕೋಣೆಯಲ್ಲಿ ಒಂದೇ ಮರದ ತೊಲೆಗೆ ಎರಡು ಲೋಲಕ ಗಡಿಯಾರ ತೂಗುಹಾಕಿದ್ದರು. ಒಂದರ ಲೋಲಕ ಎಡಕ್ಕೆ ಹೋದಾಗ ಇನ್ನೊಂದರದು ಸರಿಯಾಗಿ ಬಲಕ್ಕೆ. ಬೇಕೆಂದೇ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಹಾಗೇ ಹೊಂದಿಕೊಳ್ಳುತ್ತಿದ್ದವು. ಮೊದಲು ಗಾಳಿಯ ಕೆಲಸ ಎಂದುಕೊಂಡರು; ಕೊನೆಗೆ ಕಾರಣ ತೊಲೆ ಎಂದು ಗೊತ್ತಾಯಿತು. ಅದು ಕಣ್ಣಿಗೆ ಕಾಣದಷ್ಟು ಅಲುಗಿ, ಒಂದರ ಚಲನೆಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿತ್ತು.

ಎರಡರ ಬದಲು ಸಾವಿರಾರು ಇದ್ದರೆ? 1975ರಲ್ಲಿ ಜಪಾನಿನ ಭೌತವಿಜ್ಞಾನಿ ಯೋಶಿಕಿ ಕುರಾಮೊಟೊ ಒಂದು ಸರಳ ಗಣಿತದ ಮಾದರಿ ಕೊಟ್ಟರು. ಪ್ರತಿಯೊಂದು ಲೋಲಕಕ್ಕೂ ಅದರದೇ ವೇಗ. ಜೊತೆಗೆ ಉಳಿದವುಗಳ ಕಡೆಗೆ ಸಣ್ಣ ಸೆಳೆತ. ಮುಂದೆ ಹೋದದ್ದು ತುಸು ನಿಧಾನಿಸುತ್ತದೆ, ಹಿಂದೆ ಬಿದ್ದದ್ದು ತುಸು ಬೇಗ ನಡೆಯುತ್ತದೆ. ಸೆಳೆತ ಒಂದು ಮಿತಿಗಿಂತ ಕಡಿಮೆಯಿದ್ದರೆ ಅವುಗಳ ದಾರಿ ಅವಕ್ಕೆ. ಮಿತಿ ದಾಟಿದ ಮೇಲೂ ಎಲ್ಲವೂ ಒಮ್ಮೆಗೇ ಕೂಡುವುದಿಲ್ಲ. ಸರಾಸರಿ ವೇಗಕ್ಕೆ ಹತ್ತಿರವಿರುವವು ಮೊದಲು ಗುಂಪಾಗುತ್ತವೆ. ಗುಂಪು ಬೆಳೆದಂತೆ ಅದರ ಸೆಳೆತವೂ ಬೆಳೆದು, ಇನ್ನಷ್ಟು ಬಂದು ಸೇರುತ್ತವೆ. ತೀರಾ ಬೇರೆ ವೇಗದವು ಮಾತ್ರ ಹೊರಗೇ ಉಳಿಯುತ್ತವೆ. ಅವು ಸೇರಬೇಕಾದರೆ ಸೆಳೆತ ಇನ್ನೂ ಹೆಚ್ಚಬೇಕು.

ಮನುಷ್ಯರು ಲೋಲಕಗಳಲ್ಲ, ನಿಜ. ಆದರೂ ಈ ಕೊನೆಯ ಮಾತು ಓದಿದಾಗಲೆಲ್ಲ ನನಗೆ ಈ ದೇಶದಲ್ಲಿ ಕಳೆದ ಮೊದಲ ಎರಡು ವರ್ಷ ನೆನಪಾಗುತ್ತದೆ. ನನ್ನದು ರಾತ್ರಿ ಪಾಳಿ. ನೀವು ಯುಗಾದಿಗೆ ಬೇವು-ಬೆಲ್ಲ ಹಂಚುವಾಗ ನಾನು ಪರದೆ ಎಳೆದು ಮಲಗಿರುತ್ತಿದ್ದೆ. "ಅವನು ಸೇರೋನಲ್ಲ ಬಿಡಿ" ಎಂದು ಕೆಲವರು ಅಂದದ್ದೂ ಕಿವಿಗೆ ಬಿತ್ತು. ಒಬ್ಬ ಹಿರಿಯರು ಮಾತ್ರ ನಾನು ಏಳುವ ಹೊತ್ತು ತಿಳಿದುಕೊಂಡು ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಿದ್ದರು. "ಊಟ ಆಯ್ತೇನಪ್ಪಾ?" ಐದೇ ನಿಮಿಷ. ಇವತ್ತು ನಾನು ನಿಮ್ಮ ಮುಂದೆ ನಿಂತಿರುವುದು ಆ ಫೋನಿನಿಂದ.

ಈಗಲೂ ನಮ್ಮವರು ಕೆಲವರು ಡ್ಯೂಟಿಯಲ್ಲಿದ್ದಾರೆ, ಕೆಲವರು ರಾತ್ರಿ ದುಡಿದು ಮಲಗಿದ್ದಾರೆ. ಅಂಥ ಒಬ್ಬರಿಗೆ, ಅವರು ಎಚ್ಚರವಿರುವ ಹೊತ್ತು ನೋಡಿ, ಈ ವಾರ ಫೋನ್ ಮಾಡಿ.