ಲಾರಿಯ ಸ್ಪ್ರಿಂಗು ಉಳಿಯಾಗುವ ಬಗೆ

ಕಿಟಕಿಯ ಹಳೆಯ ಸರಳೊಂದರ ತುದಿ ಮಸೆದು ಉಳಿ ಮಾಡಿದರೆ ನಾಲ್ಕೇ ಪೆಟ್ಟಿಗೆ ಅದರ ಬಾಯಿ ಮಡಿಚಿಕೊಳ್ಳುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಹಳ್ಳಿಯ ಕಮ್ಮಾರ ಮಾಡಿಕೊಟ್ಟ ಮಚ್ಚು ಮಾತ್ರ ವರ್ಷಗಟ್ಟಲೆ ಬಾಳುತ್ತದೆ. ನೋಡಲು ಎರಡೂ ಕಬ್ಬಿಣವೇ. ವ್ಯತ್ಯಾಸ ಎಲ್ಲಿದೆ?

ಇಂಗಾಲದಲ್ಲಿದೆ. ಕಿಟಕಿಯ ಮೆದು ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.2. ಸ್ಪ್ರಿಂಗ್ ಉಕ್ಕಿನಲ್ಲಿ ಶೇ. 0.5ರಿಂದ 0.6, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂನಂಥ ಬೆರಕೆ. ಇದನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಸಾಣೆಚಕ್ರಕ್ಕೆ ಹಿಡಿದರೆ ಮೆದು ಉಕ್ಕಿನಿಂದ ಉದ್ದನೆಯ ನೇರ ಕಿಡಿಗಳು ಹಾರುತ್ತವೆ. ಸ್ಪ್ರಿಂಗ್ ಉಕ್ಕಿನ ಕಿಡಿಗಳು ಸುರುಸುರುಬತ್ತಿಯಂತೆ ಕವಲೊಡೆಯುತ್ತವೆ. ಬಿರುಕು ಬಿಟ್ಟ ಪಟ್ಟಿಯನ್ನೂ ಸತುವಿನ ಲೇಪವಿರುವ ತುಂಡನ್ನೂ ಆರಿಸಬಾರದು. ಸತುವಿನ ಹೊಗೆ ಆರೋಗ್ಯಕ್ಕೆ ಹಾನಿಕರ.

ಮೊದಲು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಬೇಕು. ನಿಧಾನವಾಗಿ ಆರಿದ ಉಕ್ಕು ಮೆತ್ತಗಾಗಿ ಅರಕ್ಕೆ ಬಗ್ಗುತ್ತದೆ. ಆಕಾರ ಕೊಟ್ಟ ಮೇಲೆ ಮತ್ತೆ ಕುಲುಮೆಗೆ. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿದರೆ ಹರಳುಗಳ ಜೋಡಣೆ ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ಆಗ ಥಟ್ಟನೆ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಹೊರಬರಲು ಸಮಯ ಸಿಗದ ಇಂಗಾಲ ಒಳಗೇ ಸಿಕ್ಕಿಬಿದ್ದು ಉಕ್ಕು ಗಡುಸಾಗುತ್ತದೆ. ನೀರಿನಲ್ಲಿ ಅದ್ದಿದರೆ ಸೀಳುವ ಭಯವುಂಟು.

ಅವಸರ ಪಡುವವರು ಇಲ್ಲಿಗೇ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಅಪಾಯವಿರುವುದೇ ಇಲ್ಲಿ! ಈಗ ಉಕ್ಕು ಗಾಜಿನಂತೆ ಪೆಡಸು. ಸುತ್ತಿಗೆಯ ಒಂದೇ ಪೆಟ್ಟಿಗೆ ಚೂರು ಸಿಡಿದು ಕಣ್ಣಿಗೆ ಬಡಿಯಬಹುದು. ಆದ್ದರಿಂದ ಹದ ಮಾಡಲೇಬೇಕು. ಉಳಿಯ ಒಂದು ಮೈಯನ್ನು ಹೊಳೆಯುವಂತೆ ಉಜ್ಜಿ, ಹಿಂಬದಿಯಿಂದ ಮೆಲ್ಲಗೆ ಕಾಯಿಸಿದರೆ ಬಣ್ಣಗಳು ಬಾಯಿಯತ್ತ ಸರಿಯುತ್ತವೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 255ಕ್ಕೆ ಕಂದು, 275ಕ್ಕೆ ನೇರಳೆ, 300ಕ್ಕೆ ನೀಲಿ. ಮರದ ಉಳಿಗೆ ಹಳದಿ, ಕಬ್ಬಿಣ ಕಡಿಯುವ ಉಳಿಗೆ ನೇರಳೆ, ಸ್ಕ್ರೂಡ್ರೈವರಿಗೆ ನೀಲಿ. ಬೇಕಾದ ಬಣ್ಣ ಬಾಯಿಗೆ ಬಂದೊಡನೆ ತಣಿಸಬೇಕು. ಬಣ್ಣ ಕಾಣುವುದು ಮೇಲ್ಮೈಯ ಆಕ್ಸೈಡಿನ ತೆಳುಪದರದಿಂದ. ಸೋಪಿನ ಗುಳ್ಳೆಯ ಬಣ್ಣಗಳಿಗೂ ಇಂಥದೇ ಕಾರಣ.

ಮಕ್ಕಳು ಇದನ್ನು ಒಂಟಿಯಾಗಿ ಮಾಡಕೂಡದು. ಹಿರಿಯರು ಜೊತೆಗಿರಬೇಕು, ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಬಟ್ಟೆ, ಪಕ್ಕದಲ್ಲಿ ಮರಳಿನ ಬಕೆಟ್ ಇರಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು.

ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ ತಂದೆ-ತಾಯಂದಿರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಲಿ. ಉಷ್ಣಮಾಪಕವಿಲ್ಲದೆ, ಬರೀ ಬಣ್ಣ ನೋಡಿ ಹದ ಹಿಡಿಯುವ ಕಮ್ಮಾರನ ಕಣ್ಣಿನಲ್ಲಿರುವುದೂ ವಿಜ್ಞಾನವೇ ಎಂಬುದು ಅವರಿಗೆ ತಿಳಿಯಲಿ.