ಹುತ್ತದ ಅಣಬೆಯ ಬೀಜ ಉಳಿಯಲಿ



ವಿಜಯಪುರವು ನಮ್ಮ ರಾಜ್ಯದಲ್ಲಿ ಅತಿ ಕಡಿಮೆ ಕಾಡುಳ್ಳ ಜಿಲ್ಲೆಗಳಲ್ಲಿ ಒಂದು. ಕಾಖಂಡಕಿಯಂಥ ಎರಿ ಭೂಮಿಯ ಊರುಗಳಲ್ಲಿ ಹೊಲದ ಒಡ್ಡು, ಹಳ್ಳದ ದಂಡೆ, ಮಡ್ಡಿ ಮತ್ತು ದೇವರ ಹೆಸರಿನಲ್ಲಿ ಬಿಟ್ಟ ಮರಗಳ ನೆರಳು, ಇವೇ ಕಾಡಿನ ಜೀವಿಗಳಿಗೆ ಉಳಿದಿರುವ ನೆಲೆ. ಹುತ್ತಗಳು ಇರುವುದೂ ಇಂಥ ಜಾಗಗಳಲ್ಲಿಯೇ. ಮಳೆಗಾಲದಲ್ಲಿ ಹುತ್ತದ ಮೇಲೆ ಅಥವಾ ಅದರ ಸುತ್ತ ಏಳುವ ಅಣಬೆಯ ಗುಟ್ಟನ್ನು ಅರಿತರೆ, ಅದನ್ನು ಉಳಿಸುವುದು ನಮ್ಮ ಕೈಯಲ್ಲೇ ಇದೆ ಎಂಬುದು ತಿಳಿಯುತ್ತದೆ.

ಗೆದ್ದಲು ಮಾಡುವ ಒಕ್ಕಲುತನ

ಹುತ್ತ ಕಟ್ಟುವ ಗೆದ್ದಲು ಒಣ ಎಲೆ, ಕಡ್ಡಿ, ಕೂಳೆಗಳನ್ನು ತಿನ್ನುತ್ತದೆ. ಆದರೆ ಅದನ್ನೆಲ್ಲ ತಾನೊಂದೇ ಅರಗಿಸಿಕೊಳ್ಳಲಾರದು. ಆದ್ದರಿಂದ ನೆಲದೊಳಗೆ ತನ್ನ ಹಿಕ್ಕೆಯಿಂದಲೇ ಜೇನುಹುಟ್ಟಿನಂಥ ತಟ್ಟೆಗಳನ್ನು ಕಟ್ಟಿ, ಅವುಗಳ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತದೆ. ಬೂಷ್ಟು ಒಣ ಕಸವನ್ನು ಮೆತ್ತಗೆ ಮಾಡುತ್ತದೆ. ಗೆದ್ದಲು ಅದನ್ನೂ, ಬೂಷ್ಟಿನ ಬಿಳಿಯ ಗುಂಡುಗಳನ್ನೂ ತಿಂದು ಬದುಕುತ್ತದೆ. ಸುಮಾರು 3 ಕೋಟಿ ವರ್ಷಗಳಿಂದ ನಡೆದಿರುವ ಒಕ್ಕಲುತನವಿದು! ಈ ಬೂಷ್ಟಿನ ಕುಲಕ್ಕೆ 1942ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಜರ್ ಹೈಮ್ ಅವರು ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು.

ಹದವಾದ ಮಳೆ ಬಿದ್ದು ನೆಲ ತಣಿದಾಗ ಈ ಬೂಷ್ಟು ಉದ್ದನೆಯ ಬೇರಿನಂಥ ಕಾಲನ್ನು ಮೇಲಕ್ಕೆ ಕಳಿಸುತ್ತದೆ. ಮೊನಚಾದ ಗಟ್ಟಿ ತಲೆ ಮಣ್ಣನ್ನು ಸೀಳಿ ಹೊರಬಂದು ಕೊಡೆಯಂತೆ ಅರಳುತ್ತದೆ. ನಾವು ಕಾಣುವ ಅಣಬೆ ಅದೇ. ಎಂದರೆ, ಅಣಬೆಯು ಹಣ್ಣು, ಗಿಡ ಹುತ್ತದೊಳಗಿದೆ.

ಮೊಗ್ಗು ಕಿತ್ತರೆ ನಷ್ಟವೇನು?

ಅರಳಿದ ಕೊಡೆಯ ಕೆಳಗಿನ ಗರಿಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಉದುರುತ್ತವೆ. ಮಳೆಗಾಲದಲ್ಲಿ ರೆಕ್ಕೆಯ ಈಸಲುಗಳು ಹಾರಿ ಹೋಗಿ ಹೊಸ ಗೂಡು ಹೂಡುವುದನ್ನು ನೀವು ಬಲ್ಲಿರಿ. ಆದರೆ ಹೆಚ್ಚಿನ ಜಾತಿಗಳಲ್ಲಿ ಅವು ಬೂಷ್ಟನ್ನು ಜೊತೆಗೆ ಒಯ್ಯುವುದಿಲ್ಲ. ಹೊಸ ಗೂಡಿನ ಮೊದಲ ಕೆಲಸಗಾರ ಹುಳುಗಳು ಹೊರಗಿನಿಂದ ಮೇವು ತರುವಾಗ ಅದರೊಡನೆ ಬೀಜಕಣವೂ ಬರಬೇಕು. ಅಣಬೆಗಳೆಲ್ಲವನ್ನೂ ಮೊಗ್ಗಿನಲ್ಲಿಯೇ ಕಿತ್ತರೆ ಬೀಜ ಎಲ್ಲಿಂದ ಬರಬೇಕು? ಬಿತ್ತನೆಯ ಕಾಳನ್ನೂ ಕುಟ್ಟಿ ಉಂಡ ಒಕ್ಕಲಿಗನ ಪಾಡೇ ಆದೀತು.

ಗೋವೆಯಲ್ಲಿ ಮಳೆಗಾಲದಲ್ಲಿ ಈ ಅಣಬೆಗೆ ಬಹಳ ಬೇಡಿಕೆ. ಮಿತಿಮೀರಿ ಕೀಳುತ್ತಿದ್ದುದರಿಂದ ಅಲ್ಲಿಯ ಅರಣ್ಯ ಇಲಾಖೆಯು ಅಭಯಾರಣ್ಯಗಳಲ್ಲಿ ಅಣಬೆ ಕೀಳುವುದನ್ನು ನಿಷೇಧಿಸಿತು. ಇಟಲಿಯ ಸಿಸಿಲಿ ದ್ವೀಪದ ಮದೋನಿಯೆ ಬೆಟ್ಟಗಳಲ್ಲಿ ಚಿಪ್ಪು ಅಣಬೆಯ ದಾಯಾದಿಯೊಂದು ಜನರು ಕಿತ್ತು ಕಿತ್ತು ಅಳಿವಿನ ಅಂಚಿಗೆ ಬಂದಿದೆ. 2025ರ ಮಾರ್ಚ್ ತಿಂಗಳಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ತಿಳಿಸಿದಂತೆ, ಪರೀಕ್ಷಿಸಿದ 1,300 ಅಣಬೆ-ಬೂಷ್ಟು ಜಾತಿಗಳಲ್ಲಿ ಕನಿಷ್ಠ 411 ಅಳಿವಿನ ಅಪಾಯದಲ್ಲಿವೆ.

ಸಿಸಿಲಿಯ ಆ ಅಣಬೆಯನ್ನು ಕೃಷಿ ಮಾಡಲು ಬರುತ್ತದೆ. ಹುತ್ತದ ಅಣಬೆಯನ್ನಾದರೋ ಬೇಸಾಯ ಮಾಡಿ ಮಾರುಕಟ್ಟೆಗೆ ತರಲು ಇದುವರೆಗೆ ಸಾಧ್ಯವಾಗಿಲ್ಲ. ಗೆದ್ದಲಿಲ್ಲದೆ ಅದು ಇಲ್ಲ. ಹುತ್ತ ಹೋದರೆ ಅಣಬೆಯೂ ಹೋಯಿತು.

ನಾವು ಮಾಡಬೇಕಾದುದು

1. ಒಡ್ಡು, ಮಡ್ಡಿ, ಮರದ ಬುಡದಲ್ಲಿರುವ ಹುತ್ತವನ್ನು ಅಗೆಯಬೇಡಿರಿ. ಅದರೊಳಗೆ ಔಷಧ ಸುರಿಯಬೇಡಿರಿ. ಪಂಚಮಿಯಲ್ಲಿ ಹಾಲೆರೆಯುವ ಹುತ್ತಕ್ಕೆ ವರ್ಷವಿಡೀ ರಕ್ಷಣೆ ಇರಲಿ.

2. ಕಬ್ಬು, ಶೇಂಗಾ, ಗೋಧಿಗಳಿಗೆ ಗೆದ್ದಲು ಹಾನಿ ಮಾಡುವುದು ನಿಜ. ಅರೆ ಕೊಳೆತ ಗೊಬ್ಬರವು ಗೆದ್ದಲನ್ನು ಕರೆಯುತ್ತದೆ. ಪೂರ್ಣ ಕಳಿತ ಗೊಬ್ಬರವನ್ನೇ ಹಾಕಿರಿ. ಔಷಧ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಬೆಳೆಗೆ ಮಾತ್ರ ಕೊಡಿರಿ.

3. ಬಲ್ಲವರು ಅಣಬೆ ಕೀಳುವುದಾದರೆ ಅರಳಿದ್ದನ್ನು ನೆಲಮಟ್ಟಕ್ಕೆ ಕೊಯ್ಯಲಿ, ಕೆದರಿ ತೆಗೆಯದಿರಲಿ. ಪ್ರತಿ ಹುತ್ತದಲ್ಲಿ ಕೆಲವನ್ನಾದರೂ ಬೀಜಕ್ಕೆ ಬಿಡಲಿ.

4. ಗುರುತು ತಿಳಿಯದ ಅಣಬೆಯನ್ನು ಯಾರೂ ತಿನ್ನಬಾರದು. ಬೆಳ್ಳಿ ಕಪ್ಪಾಗದಿದ್ದರೆ, ಬೆಳ್ಳುಳ್ಳಿಯ ಬಣ್ಣ ಕೆಡದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಬೇಯಿಸಿದರೂ ಹೋಗದ ವಿಷಗಳಿವೆ. ತಿಂದವರಿಗೆ ವಾಂತಿ-ಭೇದಿಯಾದರೆ ತಡಮಾಡದೆ ದವಾಖಾನೆಗೆ ಕರೆದೊಯ್ಯಿರಿ. ಉಳಿದ ಅಣಬೆಯನ್ನೂ ಜೊತೆಗೆ ಒಯ್ಯಿರಿ.

5. ಅಣಬೆ ತಿನ್ನುವ, ಮಾರುವ ಆಸೆಯುಳ್ಳವರು ಮನೆಯಲ್ಲಿ ಚಿಪ್ಪು ಅಣಬೆ ಬೆಳೆಯಬಹುದು. ಜೋಳದ ಕಣಕಿಯನ್ನು ಸಣ್ಣಗೆ ಕತ್ತರಿಸಿ ನೆನೆಯಿಸಿ, ಬಿಸಿನೀರಿನಲ್ಲಿ ಹದಗೊಳಿಸಿ, ನೀರು ಬಸಿದು ಆರಿದ ಮೇಲೆ ಅಣಬೆ ಬೀಜದೊಡನೆ ಚೀಲಕ್ಕೆ ತುಂಬಿ ನೆರಳಿನಲ್ಲಿಟ್ಟರೆ ಮೂರು-ನಾಲ್ಕು ವಾರಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ. ಮಳೆಗಾಲ, ಚಳಿಗಾಲ ಇದಕ್ಕೆ ಒಳ್ಳೆಯ ಕಾಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜ ದೊರೆಯುತ್ತದೆ. ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು.

ಕಣಕಿಯ ಅಣಬೆ ನಮ್ಮ ಬುಟ್ಟಿ ತುಂಬಲಿ. ಹುತ್ತದ ಅಣಬೆ ಮಾತ್ರ ಅರಳಿ, ಬೀಜ ಉದುರಿಸಿ, ಬರುವ ಮಳೆಗಾಲಕ್ಕೂ ಉಳಿಯಲಿ.