ತೊಟ್ಟಿ ಖಾಲಿಯಾದರೆ ಸೊಳ್ಳೆಯೂ ಖಾಲಿ

ಹೈದರಾಬಾದಿನಲ್ಲಿ ಮಳೆ ಶುರುವಾದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: ‘ಫಾಗಿಂಗ್ ಯಾವಾಗ?’ ಕಳೆದ ವರ್ಷ ಮೂರನೇ ಮಹಡಿಯ ಎಂಟು ವರ್ಷದ ಹುಡುಗ ಡೆಂಗಿಯಿಂದ ಐದು ದಿನ ಆಸ್ಪತ್ರೆಯಲ್ಲಿದ್ದ. ‘ಪ್ಲೇಟ್‌ಲೆಟ್ ಎಷ್ಟಾಯಿತು?’ ಎಂದು ಇಡೀ ಬ್ಲಾಕ್ ದಿನವೂ ವಿಚಾರಿಸುತ್ತಿತ್ತು. ಅದೇ ವಾರ ಫಾಗಿಂಗ್ ಮಾಡಿಸಿದೆವು. ನಾಲ್ಕೇ ದಿನಕ್ಕೆ ಸೊಳ್ಳೆಗಳು ಮತ್ತೆ ಹಾಜರ್.

ಫಾಗಿಂಗ್ ಹೊಗೆ ಕೊಲ್ಲುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆಗಳನ್ನು ಮಾತ್ರ. ನೀರಿನೊಳಗಿನ ಮರಿಗಳಿಗೆ ಅದು ತಟ್ಟುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.

ಸೊಳ್ಳೆಯನ್ನು ಮನೆಗೆ ಕರೆಯುವುದು ಎರಡು: ನಮ್ಮ ಮೈ ಮತ್ತು ನಿಂತ ನೀರು. ಮೊಟ್ಟೆ ಬೆಳೆಯಲು ರಕ್ತ ಬೇಕಿರುವುದರಿಂದ ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ನಾವು ಬಿಡುವ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಹಿಡಿದು ಅದು ಬರುತ್ತದೆ. ಉಸಿರಾಟ ನಿಲ್ಲಿಸಲಾಗದು, ನೀರು ನಿಲ್ಲದಂತೆ ನೋಡಿಕೊಳ್ಳಬಹುದು.

ನಮ್ಮಲ್ಲಿ ಎಲ್ಲರೂ ಬೈಯುವುದು ಪಕ್ಕದ ನಾಲೆಯನ್ನು. ಆ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ರಾತ್ರಿ ಕಚ್ಚುವ ಕ್ಯೂಲೆಕ್ಸ್. ಡೆಂಗಿ ಹರಡುವ ಈಡಿಸ್‌ಗೆ ಬೇಕಿರುವುದು ಮನೆಯೊಳಗಿನ, ಮನೆ ಸುತ್ತಲಿನ ತಿಳಿನೀರು. ಕಪ್ಪು ಮೈಗೆ ಬಿಳಿ ಪಟ್ಟೆಯ ಈ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಹುಟ್ಟಿದ ಜಾಗದಿಂದ ಹೆಚ್ಚು ದೂರ ಹೋಗುವುದೂ ಇಲ್ಲ.

ಹಾಗಾಗಿ ನಾವು ಐದಾರು ಮಂದಿ ಟಾರ್ಚ್ ಹಿಡಿದು ಕಟ್ಟಡ ಸುತ್ತಿದೆವು. ಹೂಕುಂಡದ ತಟ್ಟೆ, ಮನಿಪ್ಲಾಂಟ್ ಬಾಟಲಿ, ಏರ್ ಕೂಲರ್, ಎಸಿ ಪೈಪಿನಡಿಯ ಬಕೆಟ್, ಟೆರೇಸಿನ ಹಳೆ ಟೈರು, ಎಳನೀರಿನ ಬುರುಡೆ, ಮುಚ್ಚಳ ಒಡೆದ ಟ್ಯಾಂಕ್, ಎಲ್ಲದರಲ್ಲೂ ಮರಿಗಳು ಪುಳಪುಳನೆ ಆಡುತ್ತಿದ್ದವು. ತಿಂಗಳುಗಟ್ಟಲೆ ಬೀಗ ಹಾಕಿದ್ದ ಫ್ಲಾಟಿನ ಕಮೋಡ್ ಕೂಡ ಬಿಟ್ಟಿರಲಿಲ್ಲ.

ಈ ಉಪಾಯ ಹೊಸದೇನಲ್ಲ. ಮಲೇರಿಯಾ ಪರಾವಲಂಬಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ರೊನಾಲ್ಡ್ ರಾಸ್ ಕಂಡದ್ದು ಇಲ್ಲೇ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು. ಅದಕ್ಕೂ ಮುಂಚೆ, 1883ರಲ್ಲಿ, ಅವರು ನಮ್ಮ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ನೋಡಿ ಅದನ್ನು ಖಾಲಿ ಮಾಡಿಸಿದರು. ಕಾಟ ಕಡಿಮೆಯಾಯಿತು. ಅಧಿಕಾರಿಗಳ ಮೆಸ್ಸಿನಲ್ಲೂ ಹೀಗೇ ಮಾಡೋಣವೆಂದರೆ, ಅಲ್ಲಿನ ಅಧಿಕಾರಿ ಅದು ಪ್ರಕೃತಿಯ ನಿಯಮಕ್ಕೆ ವಿರುದ್ಧವೆಂದು ಒಪ್ಪಲಿಲ್ಲವಂತೆ!

2020ರಲ್ಲಿ ತೆಲಂಗಾಣದಲ್ಲಿ ‘ಪ್ರತಿ ಭಾನುವಾರ ಬೆಳಿಗ್ಗೆ 10 ಗಂಟೆಗೆ 10 ನಿಮಿಷ’ ಎಂಬ ಅಭಿಯಾನ ನಡೆದಿತ್ತು. ಅದನ್ನೇ ನಾವೀಗ ಪಾಲಿಸುತ್ತೇವೆ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಮರಿ ಸೊಳ್ಳೆಯಾಗುವ ಮೊದಲೇ ಕೊಂಡಿ ಕಳಚುತ್ತದೆ. ಬರೀ ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿಯನ್ನು ಬ್ರಷ್‌ನಿಂದ ತಿಕ್ಕಲೇಬೇಕು. ಅಲ್ಲಿ ಅಂಟಿದ ಈಡಿಸ್ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಟ್ಯಾಂಕಿಗೆ ಬಿಗಿ ಮುಚ್ಚಳ, ಓವರ್‌ಫ್ಲೋ ಪೈಪಿಗೆ ಸಣ್ಣ ಕಣ್ಣಿನ ಜಾಲರಿ, ಕಿಟಕಿಗೆ ಪರದೆ ಇರಲಿ. ಹಗಲು ಮಲಗುವ ಮಕ್ಕಳಿಗೂ ಸೊಳ್ಳೆಪರದೆ ಕಟ್ಟಿ.

ಊರಿಗೆ ಹೋಗುವವರು ಕಮೋಡಿನ ಮುಚ್ಚಳ ಹಾಕಿ, ಬಕೆಟ್ ಬೋರಲು ಹಾಕಿ, ಒಂದು ಕೀಲಿ ನಂಬಿಕಸ್ಥ ನೆರೆಯವರಿಗೆ ಕೊಟ್ಟು ಹೋಗಿ. ನಿಮ್ಮ ಬಾಲ್ಕನಿಯಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ಪಕ್ಕದ ಮನೆಯ ಮಗುವನ್ನೂ ಆಗಿರಬಹುದು.